ಬಂಗಾರ ಬೇಡದವನ ಜೊತೆ ವ್ಯಾಪಾರ

ಹಳೆಯ ಬಳೆ ಕೊಟ್ಟು ಹೊಸದು ತರೋಣವೆಂದು ಮೊನ್ನೆ ಹೆಂಡತಿಯ ಜೊತೆ ಜಮಖಂಡಿಯ ಸರಾಫರ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಬಳೆಗಳನ್ನು ಒರೆಗೆ ಹಚ್ಚಿದರು, ತೂಗಿದರು. ಆಮೇಲೆ ಕರಗಿಸಿದರೆ ಇಷ್ಟು ಹೋಗುತ್ತದೆ, ಬೆಸುಗೆಯಲ್ಲಿ ಇಷ್ಟು ಹೋಗುತ್ತದೆ ಎಂದು ಕಳೆಯುತ್ತ ಹೋದರು. ಒಂದೊಂದು ಕಳೆದಾಗಲೂ ಹೆಂಡತಿಯ ಮುಖ ಸಣ್ಣದಾಗುತ್ತಿತ್ತು. ಸಮಾಧಾನ ಹೇಳಲು ಹೋಗಿ ನಾನು, "ಚಿಂತಿ ಮಾಡಬ್ಯಾಡ. ಪುಸ್ತಕದ ಪ್ರಕಾರ ಆಗಿದ್ರ ಸೀದಾ ಅರ್ಧಾ ಬೆಲಿ ಕೊಡತಿದ್ರು" ಎಂದುಬಿಟ್ಟೆ.

ಅಂಗಡಿಯವರು ತಕ್ಕಡಿಯಿಂದ ತಲೆ ಎತ್ತಿದರು. "ಯಾವ ಪುಸ್ತಕ್ರೀ ಸರ?"

ನಾನು ಬಾಯಿ ತೆರೆಯುವುದರೊಳಗೆ ಹೆಂಡತಿಯೇ ಉತ್ತರ ಕೊಟ್ಟಳು. "ಇವರದು ಒಂದ ಕಾಲಕ್ಕ ಹಾವಿನ ಕೂಡ ವ್ಯಾಪಾರ ಇತ್ರಿ. ಅದರ ಮಾತು ಅದು. ನೀವು ತೂಗ್ರಿ."

ಹಾವಲ್ಲ, ಡ್ರ್ಯಾಗನ್. ಆದರೆ ತಿದ್ದುಪಡಿ ಹಾಕುವ ಸ್ಥಳ ಅದಾಗಿರಲಿಲ್ಲ.

ನಾನು ವರದಿಗಾರ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸುದ್ದಿಯನ್ನು ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಕಳುಹಿಸುವುದು ನನ್ನ ಹೊಟ್ಟೆಪಾಡು. ಕಂಡದ್ದನ್ನು ಕಂಡಷ್ಟೇ ಬರೆ, ಕೇಳಿದ್ದನ್ನು ಇಬ್ಬರಿಂದ ಕೇಳಿ ಬರೆ, ಗುಣವಾಚಕ ಕಂಡರೆ ಹೊಡೆದುಹಾಕು ಎಂದು ನನ್ನ ಮೊದಲ ಸಂಪಾದಕರು ಕಲಿಸಿದ್ದರು. ಈಗ ಬರೆಯಹೊರಟಿರುವುದು ಯಾರೂ ಕಣ್ಣಿನಿಂದ ಕಾಣದ ಒಂದು ಗುಡ್ಡದ ಬಗ್ಗೆ, ಅದರ ಮೇಲಿದ್ದ ಬಂಗಾರದ ಬಗ್ಗೆ. ಆದರೂ ಅದೇ ಶಿಸ್ತಿನಲ್ಲಿ ಬರೆಯಲು ಪ್ರಯತ್ನಿಸುತ್ತೇನೆ. ಅಲ್ಲಲ್ಲಿ ಒಂದೆರಡು ಗುಣವಾಚಕ ಉಳಿದರೆ ಓದುಗರು ಕ್ಷಮಿಸಬೇಕು.

ಆಲಮಟ್ಟಿಯ ನೀರು ನಿಂತು ಆಗಲೇ ಕೆಲವು ವರ್ಷಗಳಾಗಿದ್ದವು. ಮುಳುಗಡೆ, ಪುನರ್ವಸತಿ, ಕಬ್ಬಿನ ದರ: ನನ್ನ ಸುದ್ದಿಗಳೆಲ್ಲ ಈ ಮೂರರೊಳಗೇ ಸುತ್ತುತ್ತಿದ್ದ ದಿನಗಳು. ಕಬ್ಬು ನುರಿಸುವ ಹಂಗಾಮಿನ ಸುದ್ದಿಗೆಂದು ಸಮೀರವಾಡಿಗೆ ಹೋದಾಗ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಶ್ರೀಕಾಂತ ಎಂಬ ಕೆಮಿಸ್ಟ್‌ನ ಪರಿಚಯವಾಯಿತು. ತೆಳ್ಳಗಿನ, ಮೆಲುದನಿಯ ಹುಡುಗ. ಅವನ ಮೇಜಿನ ಮೇಲೆ ರಸದ ಸೀಸೆಗಳ ನಡುವೆ ಬಣ್ಣಬಣ್ಣದ ದಾಳಗಳಿದ್ದವು. ಪಗಡೆಯ ದಾಳವಲ್ಲ. ಒಂದಕ್ಕೆ ನಾಲ್ಕೇ ಮುಖ, ಇನ್ನೊಂದಕ್ಕೆ ಇಪ್ಪತ್ತು.

"ಇವು ಸಕ್ಕರಿ ಪರೀಕ್ಷಾ ಮಾಡೂವೇನು?" ಎಂದು ಕೇಳಿದೆ.

ಅವನು ನಾಚಿದ. ಪುಣೆಯಲ್ಲಿ ಓದುವಾಗ ಹಾಸ್ಟೆಲ್ಲಿನ ಗೆಳೆಯರಿಂದ ಕಲಿತ ಆಟವಂತೆ. ನಿಯಮದ ಪುಸ್ತಕವನ್ನು ಝೆರಾಕ್ಸ್ ಮಾಡಿಸಿ ತಂದಿದ್ದ. ಊರಿಗೆ ಬಂದ ಮೇಲೆ ಆಡುವವರು ಸಿಕ್ಕಿರಲಿಲ್ಲ. ಮೂರು ಮಂದಿ ಸಾಕು ಎಂದ. ಅದನ್ನು ಹೇಳಿದ ದನಿ ಹೇಗಿತ್ತೆಂದರೆ, ನಾನು ಸುದ್ದಿ ಬಿಟ್ಟು ಮಂದಿ ಹುಡುಕಿಕೊಂಡು ಹೊರಟೆ.

ಒಬ್ಬ ನಾನೇ ಆದೆ. ಎರಡನೆಯವನು ರಬಕವಿಯ ನೂಲು ಮತ್ತು ಸೀರೆಯ ವ್ಯಾಪಾರಿ ಗುರುಪಾದಪ್ಪ. ನಾವೆಲ್ಲ ಅವನನ್ನು ಸಾವ್ಕಾರ ಎನ್ನುತ್ತಿದ್ದೆವು. ಅವನು ಬೈದರೂ ಆ ಹೆಸರೇ ನಿಂತಿತು. ಮೂರನೆಯವನು ಸಾವ್ಕಾರನ ಜೊತೆ ಸಾಲಿ ಕಲಿತ ಚಿಮ್ಮಡದ ಬೀರಪ್ಪ. ಬೀರೇಶ್ವರನ ಒಕ್ಕಲಿನ ಕುರುಬರ ಮನೆಯವನು. ಕುರಿ ಸಾಕುವುದು, ಸಂತೆಯಲ್ಲಿ ಕೊಡುವುದು ಕೊಳ್ಳುವುದು ಅವನ ಕೆಲಸ. ನಾಲ್ಕು ಮಂದಿ ಕೂಡಿದಲ್ಲಿ ಗೋಡೆಗೆ ಒರಗಿ ಸುಮ್ಮನೆ ಕೂಡುವ ಮನುಷ್ಯ.

ಸಾವ್ಕಾರನ ಅಂಗಡಿಯ ಹಿಂದಿನ ಕೋಣೆಯಲ್ಲಿ ರವಿವಾರ ಮಧ್ಯಾಹ್ನ ಆಟ. ಅಂದು ಓಣಿಯ ಮಗ್ಗಗಳಿಗೆ ರಜೆ. ಉಳಿದ ದಿನ ಆ ಕೋಣೆಯಲ್ಲಿ ಕೂತರೆ ಸುತ್ತಲಿನ ಪಾವರ್‌ಲೂಮುಗಳ ಸದ್ದಿನಲ್ಲಿ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ನೂಲಿನ ಗಂಟುಗಳೇ ನಮ್ಮ ಆಸನ.

ಆಟ ಏನೆಂದರೆ, ಒಬ್ಬ ಕಥೆ ನಡೆಸುತ್ತಾನೆ. ಎದುರಿಗೆ ಕಾಡಿದೆ, ಕಾಡಿನಲ್ಲಿ ಗುಹೆಯಿದೆ, ಗುಹೆಯೊಳಗೆ ಏನೋ ಉಸಿರಾಡುತ್ತಿದೆ ಎನ್ನುತ್ತಾನೆ. ಉಳಿದವರದು ತಲಾ ಒಂದು ಪಾತ್ರ. ನೀವೇನು ಮಾಡುತ್ತೀರಿ ಎಂದು ಅವನು ಕೇಳುತ್ತಾನೆ. ಬಾಗಿಲು ಒದೆಯುತ್ತೇನೆ ಎಂದರೆ ದಾಳ ಉರುಳಿಸಬೇಕು. ದೊಡ್ಡ ಸಂಖ್ಯೆ ಬಿದ್ದರೆ ಬಾಗಿಲು ಮುರಿಯುತ್ತದೆ. ಸಣ್ಣದು ಬಿದ್ದರೆ ಕಾಲು.

"ಅಂದ್ರ ನೀವು ಭಾಗವತರು, ನಾವು ವೇಷದವರು ಅನ್ರಿ," ಎಂದು ಸಾವ್ಕಾರ ಒಂದೇ ಮಾತಿನಲ್ಲಿ ಮುಗಿಸಿದ. ದೊಡ್ಡಾಟ ನೋಡಿ ಬೆಳೆದವನಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ.

ಸಾವ್ಕಾರ ಮಲ್ಲ ಎಂಬ ವೀರನಾದ. ನಿಜ ಜೀವನದಲ್ಲಿ ಅಂಗಡಿಯ ಮೆಟ್ಟಿಲು ಹತ್ತಿದರೂ ಏದುಸಿರು ಬಿಡುವವನು ಆಟದಲ್ಲಿ ಗಾಣದ ಕಲ್ಲು ಎತ್ತಿ ಒಗೆಯುತ್ತಿದ್ದ. ಬೀರಪ್ಪ ಕರಿಯ ಎಂಬ ಬಿಲ್ಲುಗಾರನಾದ. ನನ್ನದು ಗಾಯಕ್ಕೆ ಮದ್ದು ಹಚ್ಚುವ ವೈದ್ಯ. ಅವನಿಗೆ ಹೆಸರಿಡುವುದು ಮರೆತುಹೋಯಿತು. ಬೈಲೈನ್ ಇಲ್ಲದೆ ಬರೆದು ರೂಢಿಯಾಗಿತ್ತು.

ರಾಕ್ಷಸರನ್ನು ಕೊಲ್ಲುವುದು ಈ ಆಟದ ಮುಖ್ಯ ಭಾಗವೆಂದು ಶ್ರೀಕಾಂತ ತಿಳಿದಿದ್ದ. ರಬಕವಿಯಲ್ಲಿ ಅದು ಹಾಗಾಗಲಿಲ್ಲ. ಮೊದಲ ಗುಹೆಯಲ್ಲಿ ನಮಗೆ ಒಂದು ಪೆಟ್ಟಿಗೆ ನಾಣ್ಯ, ಬೆಳ್ಳಿಯ ದೀಪ, ರತ್ನದ ಹಿಡಿಯ ಕಠಾರಿ, ಒಂದು ಗಂಟು ರೇಷ್ಮೆ ಸಿಕ್ಕಿತು. ಶ್ರೀಕಾಂತ ಮುಂದಿನ ಗುಹೆಗೆ ಹೋಗಲು ತಯಾರಾಗಿದ್ದ. ಸಾವ್ಕಾರ ಕದಲಲಿಲ್ಲ.

"ರೇಷ್ಮಿ ಅಂದ್ರಲ್ಲ, ಎಂಥಾ ರೇಷ್ಮಿ? ಪನ್ನಾ ಎಷ್ಟೈತಿ? ಗವ್ಯಾಗ ಹಸಿ ಹಿಡದಿದ್ರ ಅದು ಯಾರಿಗೂ ಬ್ಯಾಡ."

ಶ್ರೀಕಾಂತ ಝೆರಾಕ್ಸ್ ಹಾಳೆ ತಿರುವಿದ. "ಪುಸ್ತಕದಾಗ ಬರೇ ರೇಷ್ಮಿ ಅಂತ ಐತ್ರಿ."

ಬೀರಪ್ಪನ ಚಿಂತೆ ಬೇರೆ ಇತ್ತು. "ನಾಣ್ಯ ಒಜ್ಜಿ ಎಷ್ಟ ಆಕ್ಕಾವ್ರಿ ಸರ? ಹೊರಾವ್ರು ಯಾರು? ಕುದುರಿ ಮ್ಯಾಲ ಹೇರಿದ್ರ ಕುದುರಿಗೆ ಮೇವು ಎಲ್ಲಿಂದ?"

ಮಾರಲು ಹೋದ ಊರು ಬೆಟ್ಟದ ಮೇಲಿನ ಹಳ್ಳಿ. ಹಿಡಿಯಷ್ಟು ಮನೆ, ಒಂದು ಖಾನಾವಳಿ. ಅಲ್ಲಿಯೇ ಪುಸ್ತಕದ ಆ ನಿಯಮ ಹೊರಬಿತ್ತು: ಸಿಕ್ಕಿದ ವಸ್ತು ಯಾವುದೇ ಇರಲಿ, ಮಾರುವಾಗ ಅರ್ಧ ಬೆಲೆ.

ಸಾವ್ಕಾರ ಎದ್ದು ನಿಂತ. "ಅಲ್ರೀ, ಇದ್ಯಾವ ಪ್ಯಾಟಿ ಕಾಯ್ದೇರೀ? ಹರಕಿದ್ರೂ ಅರ್ಧಾ, ಹೊಸಾದಿದ್ರೂ ಅರ್ಧಾ, ಸುಗ್ಗಿ ಇದ್ರೂ ಅರ್ಧಾ? ಈ ಪುಸ್ತಕ ಬರದಾಂವ ಎಂದರ ಸಂತ್ಯಾಗ ಕುಂತಾನೇನು?"

"ಆಟ ಲಗೂನ ಆಗಲಿ ಅಂತ ಹಂಗ ಮಾಡ್ಯಾರ್ರಿ."

"ವ್ಯಾಪಾರ ಲಗೂನ ಮಾಡಿದ್ರ ಅದು ವ್ಯಾಪಾರ ಅಲ್ಲ, ಕಳವು."

ಚಹಾ ತಂದಿದ್ದ ಸಾವ್ಕಾರನ ತಾಯಿ ಶಾಂತವ್ವ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. "ಆ ಹಳ್ಳ್ಯಾಗ ರತ್ನದ ಕಠಾರಿ ತಗೊಂಡು ಏನ ಮಾಡತಾರೋ? ಬದನಿಕಾಯಿ ಹೆಚ್ಚತಾರೇನು?" ಎಂದರು.

ಮಾತು ಸರಿಯಿತ್ತು. ಖಾನಾವಳಿಯವನ ಹತ್ತಿರ ರೊಕ್ಕವಿರಲಿಲ್ಲ. ಸಂಜೆಯವರೆಗೆ ಎಳೆದಾಡಿ ಕೊನೆಗೆ ಕಠಾರಿ ಕೊಟ್ಟು ಅವನ ಕೋಳಿಗಳನ್ನೆಲ್ಲ ತೆಗೆದುಕೊಂಡೆವು. ಮುಂದಿನ ಎರಡು ಗುಹೆಗಳನ್ನು ನಾವು ಕೋಳಿಬುಟ್ಟಿ ಹೊತ್ತುಕೊಂಡೇ ಗೆದ್ದೆವು. ಕತ್ತಲಲ್ಲಿ ಸದ್ದಾಗದಂತೆ ನುಸುಳಬೇಕಾದಾಗಲೆಲ್ಲ ಶ್ರೀಕಾಂತ ಕೋಳಿಗಳ ಪರವಾಗಿಯೂ ದಾಳ ಉರುಳಿಸುತ್ತಿದ್ದ. ಅಂಥ ಪ್ರಾಮಾಣಿಕ ಭಾಗವತನನ್ನು ನಾನು ಮತ್ತೆ ಕಂಡಿಲ್ಲ.

ನನಗೆ ಬೆರಗೆನಿಸುತ್ತಿದ್ದುದು ಇದೇ. ಇಲ್ಲದ ರೇಷ್ಮೆಯ ಪನ್ನಾ ಎಷ್ಟು ಎಂದು ಒಬ್ಬ ಕೇಳಿದ ಕ್ಷಣಕ್ಕೆ ಆ ರೇಷ್ಮೆಗೆ ಅಗಲ ಬರುತ್ತಿತ್ತು. ಇಲ್ಲದ ನಾಣ್ಯಕ್ಕೆ ತೂಕ ಬರುತ್ತಿತ್ತು. ದಿನವೂ ಅಡತಿ ಅಂಗಡಿಗೆ ಹೋಗಿ ಬೆಲ್ಲದ ಧಾರಣೆ ಬರೆದುಕೊಂಡು ಬರುವ ನನಗೆ ಆ ಬೆಲ್ಲ ಬರೀ ಅಂಕಿಯಾಗಿತ್ತು. ಆ ಕೋಣೆಯಲ್ಲಿ ಮಾತ್ರ ಸಂಜೆ ಎದ್ದಾಗ ನಿಜವಾಗಿಯೂ ಏನನ್ನೋ ಹೊತ್ತಂತೆ ಹೆಗಲು ನೋಯುತ್ತಿತ್ತು.

ನಿಧಿಯ ವಿಷಯಕ್ಕೆ ನಮ್ಮ ಕಡೆಯವರಿಗೆ ಪುಣೆಯ ಪುಸ್ತಕ ಬೇಕಿರಲಿಲ್ಲ ನಿಜ. ನನ್ನ ಬಾಲ್ಯ ಕಳೆದದ್ದು ಬೀಳಗಿ ತಾಲೂಕಿನ ನದಿ ದಂಡೆಯ ಊರಲ್ಲಿ. ಊರ ಹೊರಗೊಂದು ಹಾಳು ದಿಬ್ಬವಿತ್ತು. ಅದರ ಹೊಟ್ಟೆಯಲ್ಲಿ ಹಣದ ಕೊಪ್ಪರಿಗೆ ಇದೆ, ಮೇಲೆ ಸರ್ಪ ಸುತ್ತಿಕೊಂಡು ಕೂತಿದೆ ಎಂದು ಅಜ್ಜಿ ಹೇಳುತ್ತಿದ್ದಳು. ಹಾವು ಏನು ತಿನ್ನುತ್ತದೆ ಎಂದು ನಾನು ಕೇಳಿದ್ದೆ. "ಹಣ ಕಾಯಾವ್ರಿಗೆ ಹಸಿವಿ ಆಗಾಂಗಿಲ್ಲ" ಎಂದಿದ್ದಳು. ಒಂದು ಬೇಸಿಗೆ ನಾವು ಹುಡುಗರು ಸೇರಿ ಆ ದಿಬ್ಬ ಅಗೆದೆವು. ಸಿಕ್ಕಿದ್ದು ಮಡಿಕೆಯ ಚೂರು ಮತ್ತು ಬೆನ್ನಿಗೆ ಬಿದ್ದ ಏಟು. ಈಗ ಆ ದಿಬ್ಬದ ಮೇಲೆ ಹಿನ್ನೀರಿದೆ. ಮುಳುಗಡೆಯ ಸಮೀಕ್ಷೆಯವರು ಮನೆ, ಬಾವಿ, ಗಿಡ ಎಲ್ಲವನ್ನೂ ಬರೆದುಕೊಂಡರು. ಕೊಪ್ಪರಿಗೆಯನ್ನು ಯಾರೂ ಬರೆಸಲಿಲ್ಲ.

ಎರಡನೆಯ ಮಳೆಗಾಲದಲ್ಲಿ ಶ್ರೀಕಾಂತ ದೊಡ್ಡ ನಕಾಶೆ ಬಿಡಿಸಿ ತಂದ. ಹಂಗಾಮು ಇಲ್ಲದ ತಿಂಗಳುಗಳಲ್ಲಿ ಪ್ರತಿ ರವಿವಾರ ಅವನಿಗೆ ಬಿಡುವಿರುತ್ತಿತ್ತು. ನಕಾಶೆಯಲ್ಲಿ ವಿಸ್ತಾರವಾದ ನೀರು, ನೀರಿನ ನಡುವೆ ಒಂದು ಗುಡ್ಡ, ದಂಡೆಯುದ್ದಕ್ಕೂ ತುದಿಯಷ್ಟೇ ಕಾಣುವ ಹುಣಸೆಮರಗಳು. ನದಿಯ ತಿರುವು ನೋಡಿ ನಾನು ಗುರುತು ಹಿಡಿದೆ. ಬೀಳಗಿಯ ಬಸ್ಸಿನ ಕಿಟಕಿಯಿಂದ ಕಾಣುವುದು ಅದೇ. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

"ನೀರಿನ ಕೆಳಗ ಒಂದು ಊರೈತಿ," ಎಂದು ಅವನು ಆರಂಭಿಸಿದ. "ಊರಿನ ಮಂದಿ ಬಿಟ್ಟ ಹೋದ ಬಂಗಾರನೆಲ್ಲಾ ಡ್ರ್ಯಾಗನ್ ಒಂದೊಂದ ಎತ್ತಿ ತಂದು ಗುಡ್ಡದ ಮ್ಯಾಲ ಹಾಸೇತಿ. ಕಾಲಿಟ್ಟರ ಮೊಣಕಾಲ ಮಟ ಹೂತ ಹೊಕ್ಕತಿ. ನತ್ತು, ಬೋರಮಾಳ, ದೇವರ ಕಿರೀಟ, ಕೂಸಿನ ಬಿಂದಲಿ."

ಒಳಗಿನಿಂದ ಶಾಂತವ್ವ ಬಂದು ಹೊಸ್ತಿಲ ಮೇಲೆ ಕೂತರು.

ನಾವು ನಾಡದೋಣಿ ಹತ್ತಿ ಗುಡ್ಡ ಸೇರಿದೆವು. ಯುದ್ಧವಾಯಿತು, ಸೋತೆವು. ಹೇಗೆ ಸೋತೆವೆಂಬುದನ್ನು ಚುಟುಕಾಗಿ ಹೇಳುವುದಾದರೆ, ಸಾವ್ಕಾರನ ದಾಳ ಅಂದು ಒಂದೂ ನೆಟ್ಟಗೆ ಬೀಳಲಿಲ್ಲ. ಮಲ್ಲ ಡ್ರ್ಯಾಗನ್ನಿನ ಕಾಲುಗುರಿನ ಕೆಳಗೆ ಸಿಕ್ಕಿಬಿದ್ದ. ಕರಿಯ ಮತ್ತು ನನ್ನ ವೈದ್ಯ ಬಂಡೆಯ ಹಿಂದೆ ಅಡಗಿದರು.

"ಬಿಡಸ್ಕೋಬೇಕಂದ್ರ ಬೆಲೆ ಹೇಳ್ರಿ ಅಂತೈತಿ ಡ್ರ್ಯಾಗನ್," ಎಂದ ಶ್ರೀಕಾಂತ.

ಸಾವ್ಕಾರ ತನ್ನ ನಾಣ್ಯ, ರತ್ನ, ಕುದುರೆ ಎಲ್ಲ ಕೊಡಲು ಹೊರಟ. ಶ್ರೀಕಾಂತ ದನಿ ತಗ್ಗಿಸಿ ಡ್ರ್ಯಾಗನ್ನಿನ ಮಾತಾಡಿದ. "ನಿಮ್ಮ ಬಂಗಾರ ತಗೊಂಡು ನಾ ಏನ ಮಾಡ್ಲಿ? ನಾ ಮಲಗೂದ ಅದರ ಮ್ಯಾಲ."

ನಾವು ಮುಖ ಮುಖ ನೋಡಿಕೊಂಡೆವು. ಎಲ್ಲ ಬಂಗಾರವೂ ಯಾರ ಹತ್ತಿರ ಇದೆಯೋ ಅವನಿಗೆ ಏನು ಮಾರುವುದು? ಇಪ್ಪತ್ತು ವರ್ಷ ಗಿರಾಕಿಗಳ ಮುಖ ಓದಿದ ಸಾವ್ಕಾರನೂ ತಲೆ ಕೆರೆದುಕೊಂಡ.

ಗೋಡೆಗೆ ಒರಗಿದ್ದ ಬೀರಪ್ಪ ಮುಂದಕ್ಕೆ ಸರಿದ. "ಸರ, ಈ ಹಾವು ನಿದ್ದಿ ಮಾಡತೈತೇನ್ರಿ?"

"ಮಾಡತೈತಿ. ವರ್ಷಗಟ್ಲೆ ಮಾಡತೈತಿ."

"ನಿದ್ದಿ ಮಾಡಿದಾಗ ಬಂಗಾರ ಕಾಯಾವ್ರು ಯಾರು?"

ಶ್ರೀಕಾಂತ ಈ ಸಲ ಪುಸ್ತಕ ನೋಡಲಿಲ್ಲ.

"ಹಂಗಾರ ಅದಕ್ಕ ಆಳು ಬೇಕು," ಎಂದ ಬೀರಪ್ಪ. "ನಾ ಕಾಯತೇನಿ. ಎಷ್ಟ ವರ್ಷ ಅನ್ನೂದು ಮಾತಾಡೋಣು. ಕೈ ಕೊಡ್ರಿ."

ಹೆಗಲ ಮೇಲಿನ ಟವೆಲ್ ತೆಗೆದು ಶ್ರೀಕಾಂತನ ಕೈ ಮೇಲೆ ಹೊದಿಸಿದ. ಕುರಿ ಸಂತೆ, ದನದ ಸಂತೆ ನೋಡಿದವರಿಗೆ ಇದು ಹೊಸದಲ್ಲ. ಕೊಡುವವನೂ ಕೊಳ್ಳುವವನೂ ಬಟ್ಟೆಯ ಕೆಳಗೆ ಕೈ ಸೇರಿಸುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು, ಅಂಗೈ ಹಿಡಿದರೆ ಐದು, ಹೀಗೆ ಬೆಲೆ ಹೇಳುತ್ತ ಹೋಗುತ್ತಾರೆ. ಸುತ್ತ ಸಂತೆಯೇ ನಿಂತಿದ್ದರೂ ಬೆಲೆ ಆ ಇಬ್ಬರಿಗೇ ಗೊತ್ತು. ಆಮೇಲೆ ಮೂರನೆಯವನಿಗೆ ಹೇಳುವಂತಿಲ್ಲ. ಶ್ರೀಕಾಂತನಿಗೆ ಬೆರಳಿನ ಲೆಕ್ಕ ಬರುತ್ತಿರಲಿಲ್ಲ. ಬೀರಪ್ಪ ಮೊದಲು ಎಲ್ಲರ ಎದುರಿಗೆ ಕಲಿಸಿ, ಆಮೇಲೆ ಟವೆಲ್ ಎಳೆದುಕೊಂಡ.

ನಾನು ಎಷ್ಟೋ ಸಂಧಾನ ಸಭೆಗಳ ಹೊರಗೆ ಕಾದು ನಿಂತಿದ್ದೇನೆ. ಒಂದು ಮೊಳ ದೂರದಲ್ಲಿ ಕೂತು ಏನೂ ತಿಳಿಯದೇ ಹೋದದ್ದು ಅಂದೇ. ಟವೆಲ್ ಒಮ್ಮೆ ಉಬ್ಬುತ್ತಿತ್ತು, ಒಮ್ಮೆ ನಿಶ್ಚಲವಾಗುತ್ತಿತ್ತು. ಬೀರಪ್ಪ ಚಾವಣಿ ನೋಡುತ್ತಿದ್ದ. ಶ್ರೀಕಾಂತನ ಹಣೆಯಲ್ಲಿ ಬೆವರಿತ್ತು. ಇಬ್ಬರ ತುಟಿಯೂ ಅಲುಗಲಿಲ್ಲ. ಕೊನೆಗೆ ಶ್ರೀಕಾಂತ ಕೈ ಹೊರತೆಗೆದು, "ಆತು" ಎಂದ. ಆಮೇಲೆ ತನ್ನ ಪಾತ್ರ ನೆನಪಾಗಿ ದನಿ ದಪ್ಪ ಮಾಡಿದ. "ನೀ ಮಾತ ಉಳಿಸ್ತಿ ಅಂತ ನಾ ಹೆಂಗ ನಂಬ್ಲಿ?" ನಂತರ ಮೆಲ್ಲಗೆ, "ಬೀರಪ್ಪ, ದಾಳ ಒಗಿ. ಹತ್ತರ ಮ್ಯಾಲ ಬಿದ್ರ ನಂಬತೈತಿ."

ಬೀರಪ್ಪ ದಾಳ ಮುಟ್ಟಲಿಲ್ಲ. ಅಂಗಿಯ ಒಳಕಿಸೆಯಿಂದ ಪುಟ್ಟ ಚೀಲ ತೆಗೆದ. ಅದರಲ್ಲಿ ಬೀರೇಶ್ವರನ ಭಂಡಾರ, ಅರಿಷಿಣದ ಪುಡಿ. ಒಂದು ಚಿಟಿಕೆ ಹಣೆಗೆ ಹಚ್ಚಿಕೊಂಡು, ಒಂದು ಚಿಟಿಕೆ ನಕಾಶೆಯ ಗುಡ್ಡದ ಮೇಲೆ ಇಟ್ಟ.

"ದಾಳ ಒಗೀಬೇಕೋ," ಎಂದ ಶ್ರೀಕಾಂತ ಮತ್ತೆ.

"ಭಂಡಾರ ಮುಟ್ಟಿದ ಮ್ಯಾಲ ದಾಳ ಯಾಕ್ರೀ ಸರ?"

ಹೊಸ್ತಿಲಲ್ಲಿದ್ದ ಶಾಂತವ್ವ ಸೆರಗು ಸರಿಪಡಿಸಿಕೊಂಡು ಕೈ ಮುಗಿದರು. ಶ್ರೀಕಾಂತ ಇಪ್ಪತ್ತು ಮುಖದ ದಾಳವನ್ನು ಎತ್ತಿ ಕಿಸೆಯಲ್ಲಿಟ್ಟುಕೊಂಡ. ಮಲ್ಲ ಬಿಡುಗಡೆಯಾದ.

ಮುಂದಿನ ರವಿವಾರ ಬಂದಾಗ ನಮಗೆ ವಿಷಯ ಪೂರ್ತಿ ಅರ್ಥವಾಗಿತ್ತು. ಕರಿಯ ಗುಡ್ಡದ ಮೇಲೆ ಉಳಿದರೆ ಬೀರಪ್ಪ ಆಟದಿಂದ ಹೊರಗೆ. ಆ ಆಟ ಬೀರಪ್ಪನಿಗೆ ಏನಾಗಿತ್ತೆಂದು ನಮಗೆ ಗೊತ್ತಿತ್ತು. ಪ್ರತಿ ರವಿವಾರ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಮಳೆಯಿರಲಿ ಬಿಸಿಲಿರಲಿ, ಆಟೋ ಸಿಗದಿದ್ದರೆ ನಡೆದಾದರೂ ಬರುತ್ತಿದ್ದ. ನಾಲ್ಕು ಮಂದಿಯಲ್ಲಿ ಬಾಯಿ ಬಿಡದವನು ಕರಿಯನಾಗಿ ರಾಜರ ಎದುರು ಮಾತಾಡುತ್ತಿದ್ದ. ಹಾಡು ಕೂಡ ಹೇಳಿದ್ದ ಒಮ್ಮೆ. ಅವನಿಲ್ಲದ ಕೋಣೆ ನಮಗೂ ಬೇಡವಾಗಿತ್ತು.

ಸಾವ್ಕಾರ ಕೂತವನೇ ಆರಂಭಿಸಿದ. "ಲೇ ಬೀರ್ಯಾ, ಕೇಳ. ದೋಣಿ ದಂಡಿಗೆ ಐತಿ. ಹಾವಿಗೆ ನಿದ್ದಿ ಹತ್ತಿದ ಕೂಡ್ಲೆ ನೀ ಇಳದ ಬಾ. ಮುಗೀತು."

"ಮಾತ ಕೊಟ್ಟೇನ್ರಿ."

"ಯಾರಿಗಿ ಕೊಟ್ಟೀಲೇ? ಹಾವ ಎಲ್ಲೈತಿ? ಇಲ್ಲಿ ಕುಂತಾನ ನೋಡ ಶ್ರೀಕಾಂತ. ಇವನ ಗಂಟಲ ಅದು!"

ನಾನೂ ತಟಸ್ಥನಾಗಿ ಉಳಿಯಲಿಲ್ಲ. ಕಾಲ್ಪನಿಕ ವ್ಯಕ್ತಿಗೆ ಕೊಟ್ಟ ವಚನಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದೆ. ಅಷ್ಟು ಒಣ ವಾಕ್ಯವನ್ನು ನಾನು ಸುದ್ದಿಯಲ್ಲೂ ಬರೆದಿಲ್ಲ.

ಶ್ರೀಕಾಂತ ಕೂಡ ನಮ್ಮ ಕಡೆಗೇ ಬಂದ. "ಪುಸ್ತಕದಾಗ ದಾರಿ ಐತಿ, ಬೀರಪ್ಪ. ಸದ್ದಾಗದಂಗ ತಪ್ಪಿಸ್ಕೋಬಹುದು. ನಾ ಸಣ್ಣ ಸಂಖ್ಯೆ ಇಡತೇನಿ. ನೀ ಒಗದ್ರ ಬೀಳತೈತಿ."

ಡ್ರ್ಯಾಗನ್ನೇ ತಾನು ಮೋಸ ಹೋಗಲು ತಯಾರೆಂದು ಹೇಳಿದಂತಾಯಿತು. ಬೀರಪ್ಪ ದಾಳವನ್ನು ನೋಡಿದ. ಬಹಳ ಹೊತ್ತು ನೋಡಿದ. ಅವನ ಕೈ ಒಮ್ಮೆ ಮುಂದೆ ಬಂದದ್ದನ್ನು ನಾನು ಕಂಡೆ.

"ಸರ, ಬ್ಯಾರೆ ಏನರ ಕೊಟ್ಟು ಬಿಡಸ್ಕೋಬಹುದೇನ್ರಿ?" ಎಂದು ಕೇಳಿದ.

"ಬ್ಯಾರೆ ಅದಕ್ಕ ಏನೂ ಬ್ಯಾಡಲ್ಲೋ," ಎಂದ ಶ್ರೀಕಾಂತ. ಅವನಿಗೇ ಅಳು ಬರುವಂತಿತ್ತು.

"ಹಂಗಾರ ಆತು ಬಿಡ್ರಿ." ಬೀರಪ್ಪ ತಲೆ ಎತ್ತಿದ. "ಸಾವ್ಕಾರ, ಗಂಟಲ ಇವರದ ಇರಬಹುದು. ಭಂಡಾರ ನಂದು."

ಆಮೇಲೆ ಅವನು ಮಾಡಿದ್ದು ಹಂಚಿಕೆ. ಬಿಲ್ಲು ಮಲ್ಲನಿಗೆ. ಬೆಳ್ಳಿಯ ದೀಪ ನನ್ನ ವೈದ್ಯನಿಗೆ, ಕತ್ತಲಲ್ಲಿ ಗಾಯ ಕಾಣಲಿ ಎಂದು. ಕುದುರೆಯನ್ನು ದಂಡೆಯ ಊರಿನ ಬೆಸ್ತನಿಗೆ, ದೋಣಿಯ ಬಾಡಿಗೆ ಬಾಕಿಯಿತ್ತು. ಉಳಿದ ಕೋಳಿಗಳ ಹೊಣೆ ಸಾವ್ಕಾರನಿಗೆ. ಯಾವ ಕೋಳಿ ಮೊಟ್ಟೆ ಇಡುತ್ತದೆ, ಯಾವುದು ಕುಟುಕುತ್ತದೆ ಎಂದು ಬಿಡಿಸಿ ಹೇಳಿದ. ಆ ವಸ್ತುಗಳಲ್ಲಿ ಒಂದೂ ಕೋಣೆಯಲ್ಲಿರಲಿಲ್ಲ. ಆದರೂ ದೀಪ ಕೊಡುವಾಗ ಅವನು ಎರಡೂ ಕೈ ಚಾಚಿದ. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ಕರಿಯನ ವಿವರವಿದ್ದ ಹಾಳೆಯನ್ನು ಶ್ರೀಕಾಂತನ ಮುಂದಿಟ್ಟು ಬೀರಪ್ಪ ಎದ್ದ. "ಎಲ್ಲಿ ಹೊಂಟಿ, ಚಾ ಕುಡದ ಹೋಗೋ," ಎಂದರು ಶಾಂತವ್ವ. "ಬ್ಯಾಡಬೇ ಯವ್ವಾ, ಕುರಿ ಅದಾವ," ಎಂದು ಅವನು ಚಪ್ಪಲಿ ಮೆಟ್ಟಿ ಹೊರಟುಬಿಟ್ಟ.

ಎಷ್ಟು ವರ್ಷಕ್ಕೆ ವ್ಯಾಪಾರವಾಯಿತೆಂದು ಆ ವಾರವೇ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಎರಡೂ ಕಡೆಯವರು ಪ್ರತಿಕ್ರಿಯಿಸಲು ನಿರಾಕರಿಸಿದರು. ಇಂದಿಗೂ ಅದೇ ಉತ್ತರ.

ಮರು ರವಿವಾರ ನಾವು ಮೂವರೇ ಕೂತೆವು. ಮಲ್ಲ ಮತ್ತು ವೈದ್ಯ ಪೇಟೆಯ ದಾರಿ ಹಿಡಿದಿದ್ದರು. ದಾರಿಯಲ್ಲಿ ಕಳ್ಳರು ಬಂದರು. ಸಾವ್ಕಾರ ದಾಳ ಒಗೆದ, ಕಳ್ಳರು ಸತ್ತರು. ಯಾರಿಗೂ ಅದರಲ್ಲಿ ಮನಸ್ಸಿರಲಿಲ್ಲ. ಸತ್ತ ಕಳ್ಳರ ಕಿಸೆ ತಡಕುವುದನ್ನೂ ಮರೆತೆವು. ಸಾವ್ಕಾರ ಮರೆತನೆಂದರೆ ಪರಿಸ್ಥಿತಿ ನೀವೇ ಊಹಿಸಿ.

ಆಗ ಬಾಗಿಲಲ್ಲಿ ಬೀರಪ್ಪ ಕಾಣಿಸಿಕೊಂಡ.

"ಸುಮ್ನ ನೋಡಾಕ ಬಂದೇನ್ರಿ. ಆಡಾಂಗಿಲ್ಲ," ಎಂದು ಮೊದಲೇ ಹೇಳಿ, ಬಾಗಿಲ ಹತ್ತಿರದ ನೂಲಿನ ಗಂಟಿನ ಮೇಲೆ ಕೂತ.

ನಾವು ಸ್ವಲ್ಪ ಹೊತ್ತು ಆಡಿದೆವು. ನಮ್ಮ ಮೂರು ಜನರ ಬೆನ್ನೂ ಬಾಗಿಲ ಕಡೆಗೇ ಕಿವಿಗೊಟ್ಟಿತ್ತು. ಮಲ್ಲ ಪೇಟೆಯ ಅಗಸೆ ಬಾಗಿಲು ತಲುಪಿದಾಗ ಶ್ರೀಕಾಂತ ಪುಸ್ತಕ ಮುಚ್ಚಿದ. ಮೈ ತಿರುಗಿಸಿ ಕೂತು ಕೇಳಿದ: "ಬೀರಪ್ಪ, ಗುಡ್ಡದ ಮ್ಯಾಲ ಏನ ನಡದೈತಿ?"

ಬೀರಪ್ಪ ಗಲಿಬಿಲಿಯಾದ. "ನಂಗೇನ ಕೇಳತೀರಿ ಸರ? ನೀವ ಹೇಳಬೇಕು."

"ಹಾವು ಮಲಗೈತಿ. ಕಾಯಾಂವ ನೀನು. ಅಲ್ಲಿ ಆಗೂದು ನನಗ ಹೆಂಗ ಗೊತ್ತಾಗತೈತಿ?"

ಬೀರಪ್ಪ ನಮ್ಮೆಲ್ಲರ ಮುಖ ನೋಡಿದ. ತಮಾಷೆಯಲ್ಲವೆಂದು ಖಾತ್ರಿಯಾಗಲು ಹೊತ್ತು ಹಿಡಿಯಿತು. ಆಮೇಲೆ ನೆಲ ನೋಡುತ್ತ, ನಿಧಾನವಾಗಿ ಶುರುಮಾಡಿದ.

"ಮಳಿ ಆಗೈತ್ರಿ. ನೀರು ಏರೇತಿ. ದಂಡೀ ಊರಿಂದ ಎರಡು ಕುರಿ ಈಜಗೋಂತ ಬಂದಿದ್ದು. ಕಾಲಾಗ ಬಲ ಇರಲಿಲ್ಲ. ಎತ್ತಗೊಂಡ ಬಂದೆ. ಸುಮ್ನ ಕುಂತ ಕಾಯಾಕ ನನಗೂ ಬ್ಯಾಸರ ಬರತೈತಲ್ರಿ. ಒಂದು ಗಬ್ಬ ಇತ್ತು. ಈಗ ಮರಿ ಹಾಕೇತಿ. ಗುಡ್ಡದ ತೆಂಕಣ ಮಗ್ಗಲಕ ಹುಲ್ಲು ಛಲೋ ಐತಿ."

"ಬಂಗಾರಾ?" ಎಂದ ಸಾವ್ಕಾರ. ಅವನ ದನಿ ಪಿಸುಮಾತಿನಷ್ಟಿತ್ತು.

"ಐತ್ರಿ. ಹಗಲೆಲ್ಲಾ ಬಿಸಲಿಗೆ ಕಾಯತೈತಿ. ಹೊತ್ತ ಮುಣಗಿದ ಮ್ಯಾಲ ನೀರಿನ ಗಾಳಿ ಥಂಡಿ ಬಿಡತೈತ್ರಿ ಅಲ್ಲಿ. ಆವಾಗ ಮರಿ ಹೋಗಿ ಬಂಗಾರದ ಮ್ಯಾಲ ಮಲಕ್ಕೊಂತೈತಿ. ಅದು ಇನ್ನಾ ಬೆಚ್ಚಗ ಇರತೈತಿ."

ಎರಡು ಮಳೆಗಾಲ ನಾವು ತೂಗಿದ್ದ, ಎಣಿಸಿದ್ದ, ಚೌಕಾಶಿ ಮಾಡಿದ್ದ ಬಂಗಾರವನ್ನು ನಾನು ಮೊದಲ ಸಲ ಕಂಡದ್ದು ಆಗ. ನತ್ತುಗಳ, ಬೋರಮಾಳಗಳ ರಾಶಿಯ ಮೇಲೆ ಕಾಲು ಮಡಚಿ ಮಲಗಿದ ಒದ್ದೆ ಮೂಗಿನ ಕುರಿಮರಿ. ಅದರ ಉಸಿರಿಗೆ ಒಂದೆರಡು ನಾಣ್ಯ ಸಣ್ಣಗೆ ಅಲುಗುತ್ತಿದ್ದವು.

"ಹಾವು ಎದ್ದರ ಮರಿ ತಿನ್ನಾಂಗಿಲ್ಲೇನೋ?" ಶಾಂತವ್ವ ಹೊಸ್ತಿಲಿನಿಂದ ಕೇಳಿದರು. ನಿಜವಾಗಿಯೂ ಹೆದರಿದ್ದರು.

"ಇಲ್ಲಬೇ ಯವ್ವಾ. ಅದು ಮೀನ ತಿಂತೈತಿ."

ನಾವೆಲ್ಲ ಶ್ರೀಕಾಂತನ ಕಡೆ ನೋಡಿದೆವು. ಅವನ ಪುಸ್ತಕದಲ್ಲಿ ಡ್ರ್ಯಾಗನ್ ಮನುಷ್ಯರನ್ನೂ ದನಗಳನ್ನೂ ನುಂಗುವ ಪ್ರಾಣಿ ಎಂದು ಬರೆದಿತ್ತು. ಚಿತ್ರವೂ ಇತ್ತು. ಅವನು ಒಂದು ಗಳಿಗೆ ಯೋಚಿಸಿದ.

"ಹೌದ್ರಿ ಅಮ್ಮಾ," ಎಂದ. "ಮೀನ ತಿಂತೈತಿ."

ಶಾಂತವ್ವ ಉಸಿರು ಬಿಟ್ಟರು. ಪೇಟೆಯ ಅಗಸೆ ಬಾಗಿಲಲ್ಲಿ ಮಲ್ಲನೂ ವೈದ್ಯನೂ ಕೋಳಿಬುಟ್ಟಿ ಹಿಡಿದು ನಿಂತೇ ಇದ್ದರು. ಅವರ ನೆನಪು ಯಾರಿಗೂ ಆಗಲಿಲ್ಲ. ಸಾವ್ಕಾರ ತಾನು ಕೂತಿದ್ದ ಗಂಟನ್ನು ಬಾಗಿಲ ಕಡೆಗೆ ಎಳೆದುಕೊಂಡ.

"ಲೇ ಬೀರ್ಯಾ, ಒಳಗ ಸರದ ಕುಂಡ್ರ," ಎಂದ. "ಮುಂದ ಹೇಳ."